ಸುಂದ್ರವ್ವನ ಬೋಳುಗೈ

ನನಗಾಗ ಮೂವತ್ತೊಂದು. ಇವತ್ತಿಗೆ ನಲವತ್ತು ವರ್ಷದ ಹಿಂದಿನ ಮಾತು. ಇಚಲಕರಂಜಿಗೆ ಹೊಂದಿದ ಕಬನೂರಿನ ನಮ್ಮ ಓಣಿಯಲ್ಲಿ ಆ ಮಧ್ಯಾಹ್ನ ಕರೆಂಟ್ ಹೋಗಿತ್ತು. ಮಗ್ಗಗಳೆಲ್ಲ ನಿಂತಿದ್ದವು. ಅಂಥ ಹೊತ್ತಿನಲ್ಲಿ ಒಬ್ಬರು ಸೀನಿದರೆ ಹತ್ತು ಮನೆಗೆ ಕೇಳುತ್ತದೆ. ನನ್ನ ನೆಗೆಣ್ಣಿ ಸುಂದ್ರವ್ವ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ತನ್ನ ಹೊಸ್ತಿಲ ಮೇಲೆ ಕೂತು, ಖಾರ ಕುಟ್ಟುವ ಕಲ್ಲು ತೆಗೆದುಕೊಂಡು, ಎರಡೂ ಕೈಯ ಗಾಜಿನ ಬಳೆಗಳನ್ನು ಒಂದೊಂದಾಗಿ ಒಡೆದಳು. ಹುಣಸೆಕಾಯಿ ಒಡೆಯುವವರ ಹಾಗೆ, ಏನೂ ಅವಸರವಿಲ್ಲದೆ.

ನಮ್ಮ ಓಣಿಯಲ್ಲಿ ಹೆಂಗಸೊಬ್ಬಳು ಕಲ್ಲಿನಿಂದ ಬಳೆ ಒಡೆದುಕೊಂಡರೆ ಅದಕ್ಕೆ ಒಂದೇ ಅರ್ಥ. ಎದುರುಮನೆಯ ಗಂಗವ್ವ ಎದೆ ಬಡಿದುಕೊಂಡು ಓಡಿಬಂದಳು. ಅವಳ ಹಿಂದೆ ಇನ್ನೂ ಎಂಟು ಹತ್ತು ಮಂದಿ. ಕರೆಂಟ್ ಹೋಗುವ ಮೊದಲೇ ಭಾವನವರು ಮಗ್ಗದ ಪಟ್ಟಿಯಲ್ಲಿ ಸಿಕ್ಕಿಹಾಕಿಕೊಂಡಿದ್ದರು ಎಂದೇ ತಿಳಿದು ನಾನೂ ಅಂಗಳದಲ್ಲಿ ಕುಸಿದು ಅಳತೊಡಗಿದೆ. ಸುಂದ್ರವ್ವ ಮಾತ್ರ ಸೆರಗಿನ ತುದಿಯಿಂದ ಚೂರುಗಳನ್ನು ಒಟ್ಟು ಮಾಡುತ್ತಿದ್ದಳು.

"ಯಾಕ ಅಳಾಕತ್ತೀರಿ? ನನ್ನ ಗಂಡಗ ಏನೂ ಆಗಿಲ್ಲ" ಅಂದಳು. "ಇವು ನನಗ ಮೂರ್ತಿ ಆಗಿ ಕುಂತಿದ್ದುವು. ಒಡದೇನಿ. ಹೇಳೂದು ಹೇಳೇನಿ, ಇನ್ನ ನಿಮ್ಮ ನಿಮ್ಮ ಮನೀಗಿ ಹೋಗ್ರಿ."

ಅಷ್ಟರಲ್ಲಿ ಭಾವನವರೇ ಬಂದರು. ಕರೆಂಟ್ ಇಲ್ಲವೆಂದು ಬುತ್ತಿಯ ಡಬ್ಬಿ ಹಿಡಿದುಕೊಂಡು ಮನೆಗೆ ಹೊರಟವರು. ತಮ್ಮ ಬಾಗಿಲ ಮುಂದೆ ಅಷ್ಟು ಹೆಂಗಸರು ಅಳುತ್ತಿರುವುದನ್ನು ಕಂಡು, ಯಾರು ಸತ್ತರು ಎಂದು ಕೇಳಿದರು. ಆಮೇಲೆ ಅವರು ಹೆಂಡತಿಯ ಕೈ ನೋಡಿದರು. ಆ ಹೊತ್ತು ಅವರು ಊಟ ಮಾಡಲಿಲ್ಲ.

ನಾವು ಮೂರು ತಲೆಮಾರಿನಿಂದ ಕ್ರೈಸ್ತರು. ಅಥಣಿ ಕಡೆಯಿಂದ ಮಗ್ಗದ ಕೆಲಸಕ್ಕೆ ಬಂದು ಇಚಲಕರಂಜಿಯಲ್ಲಿ ನಿಂತವರು. ನಮ್ಮ ಅತ್ತೆಯ ಕಾಲದಿಂದಲೂ ನಮ್ಮ ಹೆಂಗಸರು ಕುಂಕುಮ ಹಚ್ಚುವುದಿಲ್ಲ. ಆದರೆ ತಾಳಿ, ಬಳೆ, ತಲೆಯಲ್ಲಿ ಹೂವು, ಮದುವೆಯಲ್ಲಿ ಅರಿಶಿನ ಎಲ್ಲ ಇತ್ತು. ಅದರಿಂದ ಯೇಸುವಿಗೆ ಏನಾದರೂ ತೊಂದರೆಯಾಗುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಸುಂದ್ರವ್ವ ಆಗ ಕೊಲ್ಹಾಪುರದ ಹತ್ತಿರ ಶಿರೋಳಿಯಲ್ಲಿ, ಎರಕದ ಕಾರ್ಖಾನೆಗಳ ನಡುವೆ ತಗಡಿನ ಶೆಡ್ಡಿನಲ್ಲಿ ಕೂಡುತ್ತಿದ್ದ ಒಂದು ಪ್ರಾರ್ಥನೆಗೆ ಹೋಗಲು ಹತ್ತಿದ್ದಳು. ಮೂರು ಭಾನುವಾರ ಹೋದಳು. ಮೂರನೆಯದರ ಮರುದಿನ ಕಲ್ಲು ಎತ್ತಿದಳು. ತಾಳಿಯನ್ನೂ ತೆಗೆದು ಭಾವನವರ ಪೆಟ್ಟಿಗೆಯಲ್ಲಿ ಇಟ್ಟಳು.

ಅವಳು ಗಟ್ಟಿ ಹೆಂಗಸು. ನನಗಿಂತ ಐದು ವರ್ಷಕ್ಕೆ ದೊಡ್ಡವಳು, ಒಂದು ಗೇಣು ಎತ್ತರ. ಅಂಗೈ ಗಂಡಸಿನದರಷ್ಟು ಅಗಲ. ನಾವಿಬ್ಬರೂ ಒಂದೇ ಕಡೆ ಕಂಡಿಕೆ ಸುತ್ತುವವರು. ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಕಡ್ಡಿಗೆ ಕಂಡಿಕೆ ಎನ್ನುತ್ತಾರೆ. ಮಷಿನ್ನಿನಲ್ಲಿ ಅದು ತಿರುಗುವಾಗ ಕೈ ಸಡಿಲವಿದ್ದರೆ ನೂಲು ಬಳೆಗೆ ಸಿಕ್ಕಿ ಹರಿಯುತ್ತದೆ. ಅದಕ್ಕೆ ನಾನು ಬಳೆಗಳನ್ನು ಮೊಣಕೈವರೆಗೆ ಏರಿಸಿ ಚಿಂದಿ ಕಟ್ಟಿಕೊಳ್ಳುತ್ತಿದ್ದೆ. ಅವಳಿಗೆ ಆ ಗೋಜಿಲ್ಲ. ನಾನು ಮೂರು ಸುತ್ತುವುದರೊಳಗೆ ನಾಲ್ಕು ಸುತ್ತುತ್ತಿದ್ದಳು. ನನ್ನ ಚಿಂದಿಯ ಕಡೆ ನೋಡಿ, "ದೇವರಿಗೂ ಬ್ಯಾಡ, ಮಷಿನ್ನಿಗೂ ಬ್ಯಾಡ. ಯಾರಿಗಿ ಬೇಕಾಗ್ಯಾವ ಅವು?" ಅನ್ನುತ್ತಿದ್ದಳು. ನನಗೆ ಬೇಕು ಎಂದರೆ ಮುಖ ತಿರುಗಿಸುತ್ತಿದ್ದಳು.

ಅವಳ ಬಾಯಲ್ಲಿ ದಿನಕ್ಕೆ ಇಪ್ಪತ್ತು ಸಲ ಬರುತ್ತಿದ್ದ ಮಾತೆಂದರೆ, "ಎಲ್ಲಿಂದ ಬಂತು?" ಯಾರು ಏನು ತಿನ್ನಲು ಕೊಟ್ಟರೂ ಮೊದಲು ಮೂಸಿ ಅದನ್ನೇ ಕೇಳುವುದು. ಪೇಢೆ ಕೊಟ್ಟರೆ ಕೇಳುವಳು. ಬಾಳೆಹಣ್ಣು ಕೊಟ್ಟರೂ ಕೇಳುವಳು. ಬಾಳೆಹಣ್ಣು ಗಿಡದಿಂದ ಬಂತು ಎಂದು ನಾನೊಮ್ಮೆ ಹೇಳಿದೆ. ಗಿಡದಿಂದ ನೆಟ್ಟಗೆ ಬಂತೋ, ಯಾವುದಾದರೂ ಗುಡಿಯ ಮೇಲೆ ಹಾದು ಬಂತೋ ಎಂದು ಕೇಳಿದಳು. ನಗುವುದಕ್ಕೆ ಕೇಳಿದ್ದಲ್ಲ. ಅವಳು ನಕ್ಕಿದ್ದು ನನಗೆ ನೆನಪಿಲ್ಲ. ಊಟಕ್ಕೆ ಮುಂಚಿನ ಅವಳ ಪ್ರಾರ್ಥನೆ ಎಷ್ಟು ಉದ್ದವೆಂದರೆ, ಬಿಸಿ ರೊಟ್ಟಿ ತಣ್ಣಗಾಗಿ ಚರ್ಮದ ಹಾಗೆ ಆಗುತ್ತಿತ್ತು. ಭಾವನವರು ಜೀವಮಾನವಿಡೀ ತಣ್ಣನೆಯ ರೊಟ್ಟಿ ತಿಂದರು.

ಆ ವರ್ಷ ಗೌರಿ ಹಬ್ಬಕ್ಕೆ ಗಂಗವ್ವ ಒಂದು ತಟ್ಟೆ ಕರಂಜಿ ಕೊಟ್ಟಳು. ಒಣಕೊಬ್ಬರಿ ತುಂಬಿ ಕರಿದದ್ದು. ಪ್ರತಿ ವರ್ಷ ಕೊಡುವಳು. ಕ್ರಿಸ್ಮಸ್ಸಿಗೆ ನಾನೂ ಅವಳಿಗೆ ಕೊಡುವೆ. ಸುಂದ್ರವ್ವನ ಮಗ ದಾನಿಯೇಲನಿಗೆ ಆಗ ಐದು ವರ್ಷ. ನನ್ನ ಅಂಗಳದಲ್ಲೇ ಆಡುತ್ತಿದ್ದ. ಒಂದು ಕೊಟ್ಟೆ. ಅವನು ಕಚ್ಚಿದ್ದಷ್ಟೇ, ಸುಂದ್ರವ್ವ ಗೋಡೆಯ ಆಚೆಯಿಂದ ಬಂದಳು. ಎಲ್ಲಿಂದ ಬಂತು ಎಂದಳು. ಗಂಗವ್ವ ಕೊಟ್ಟದ್ದು ಎಂದೆ. ಹುಡುಗನ ಬಾಯಿಗೆ ಬೆರಳು ಹಾಕಿ, ಅಗಿದದ್ದನ್ನೆಲ್ಲ ಗಟಾರಿಗೆ ತೆಗೆಸಿದಳು. ನನ್ನ ತಟ್ಟೆಯನ್ನೂ ಅಲ್ಲಿಯೇ ಸುರಿದಳು. ಗಂಗವ್ವ ತನ್ನ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆಮೇಲೆ ಒಳಗೆ ಹೋದಳು. ಮರುವರ್ಷದಿಂದ ಕರಂಜಿ ನನಗೂ ಬರಲಿಲ್ಲ.

ನಾನು ಜಗಳಕ್ಕೆ ಹೋದೆ. ನನ್ನ ಬಾಯಿಯೂ ಸಣ್ಣದಲ್ಲ. ನಿನ್ನ ದೇವರು ಅಷ್ಟು ಬಡವನೇನು, ಒಂದು ಕರಂಜಿಗೆ ಹೆದರಿ ಓಡಿಹೋಗುತ್ತಾನೇನು ಎಂದು ಕೇಳಿದೆ. ದೇವರು ಹೆದರುವುದಿಲ್ಲ, ನಾನು ಹೆದರುತ್ತೇನೆ, ನನ್ನ ಹುಡುಗನಿಗಾಗಿ ಹೆದರುತ್ತೇನೆ ಎಂದು ಅವಳು ಹೇಳಿದಳು. ಆ ಮಾತಿಗೆ ನನಗೆ ಇನ್ನೂ ಸಿಟ್ಟು ಬರುತ್ತದೆ.

ಆದರೆ ಮಾತು ನಿಂತದ್ದು ಅದಕ್ಕಲ್ಲ. ಒಂದು ಭಾನುವಾರ ನಮ್ಮ ಚರ್ಚಿನಲ್ಲಿ ಎಲ್ಲರೂ ಕಣ್ಣು ಮುಚ್ಚಿದ್ದಾಗ ಸುಂದ್ರವ್ವ ಎದ್ದು ನಿಂತು ಪ್ರಾರ್ಥನೆ ಮಾಡಿದಳು. ನನ್ನ ಹೆಸರು ಹಿಡಿದು. ಕರ್ತನೇ, ನಮ್ಮ ಮಾರ್ತಾಳ ಕೈಯೊಳಗಿನ ವಿಗ್ರಹಗಳನ್ನು ನೀನೇ ಬಿಡಿಸು ಎಂದು. ನಾನು ಹಾಡಿನ ಪುಸ್ತಕ ಹಿಡಿದುಕೊಂಡಿದ್ದೆ. ಸುತ್ತ ಕೂತವರೆಲ್ಲ ಕಣ್ಣು ತೆರೆದು ನನ್ನ ಕೈ ನೋಡಿದರು. ಆಮೇಲೆ ಹಾಡು ಬಂದಾಗ ನಾನು ಬೇಕೆಂದೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದೆ. ಬಳೆಗಳು ಚೆನ್ನಾಗಿ ಸಪ್ಪಳ ಮಾಡಿದವು. ಅವಳು ಎದ್ದು ಹೊರಗೆ ಹೋದಳು. ಆವತ್ತಿನಿಂದ ಅವಳು ಶಿರೋಳಿಯ ಶೆಡ್ಡಿಗೆ, ನಾನು ಇಲ್ಲಿಗೆ. ನಡುವೆ ಒಂದು ಇಟ್ಟಂಗಿಯ ಗೋಡೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ನಾವು ಮಾತಾಡಲಿಲ್ಲ. ನನ್ನ ಮಗಳ ಮದುವೆಗೆ ಅವಳು ಬರಲಿಲ್ಲ, ಅರಿಶಿನ ಹಚ್ಚುತ್ತೇವೆ ಎಂದು. ಗೋಡೆಯ ಆಚೆ ಅವಳ ಉದ್ದನೆಯ ಪ್ರಾರ್ಥನೆ ನನಗೆ ಕೇಳಿಸುತ್ತಿತ್ತು. ಈಚೆ ನನ್ನ ಬಳೆ ಅವಳಿಗೆ ಕೇಳಿಸುತ್ತಿರಬೇಕು. ಕೇಳಲಿ ಎಂದೇ ಪಾತ್ರೆ ತಿಕ್ಕುತ್ತಿದ್ದೆ.

ನನಗೆ ಐವತ್ತಮೂರು ಆದಾಗ ನನ್ನ ಗಂಡ ಮಗ್ಗದ ಮುಂದೆಯೇ ಕುಸಿದು ಹೋದರು. ಎದೆನೋವು ಎಂದು ಒಂದು ಮಾತು ಹೇಳಿದರಂತೆ, ಅಷ್ಟೇ.

ನಮ್ಮ ಓಣಿಯ ಕ್ರೈಸ್ತರಲ್ಲಿ ಒಂದು ರೀತಿ ಇತ್ತು. ಹೆಣದ ಪೆಟ್ಟಿಗೆ ಮುಚ್ಚುವುದಕ್ಕೆ ಮೊದಲು ಹೆಂಡತಿಯನ್ನು ಹತ್ತಿರ ಕೂಡಿಸಿ, ಅವಳ ಕೈಯನ್ನು ಪೆಟ್ಟಿಗೆಯ ಅಂಚಿಗೆ ಬಡಿದು ಬಳೆ ಒಡೆಯುತ್ತಾರೆ. ಚೂರುಗಳನ್ನು ಒಳಗೇ ಹಾಕಿ ಮೊಳೆ ಹೊಡೆಯುತ್ತಾರೆ. ಯಾವ ಪುಸ್ತಕದಲ್ಲಿ ಬರೆದಿದೆಯೋ ನನಗೆ ಗೊತ್ತಿಲ್ಲ. ಶಾಲೆಯಲ್ಲಿ ಮೂರನೆಯ ಇಯತ್ತೆಯವರೆಗೆ ಕಲಿತವಳು ನಾನು. ಆದರೆ ಚರ್ಚಿಗೆ ಒಂದು ಭಾನುವಾರವೂ ತಪ್ಪಿಸದ ಮುದುಕಿಯರೇ ಅದನ್ನು ನಡೆಸುತ್ತಿದ್ದರು. ಆವತ್ತು ಯಡ್ರಾವದಿಂದ ನನ್ನ ಗಂಡನ ಸೋದರತ್ತೆ ಸಾರವ್ವ ಬಂದಿದ್ದಳು. ಬಂದವಳೇ ನನ್ನ ಬಲಗೈ ಹಿಡಿದಳು.

ನಾನು ಒಡೆಸಿಕೊಳ್ಳುವುದಿಲ್ಲ ಎಂದೆ. "ಇವು ಅವರು ಹಾಕಿದ್ದಲ್ಲ. ನಮ್ಮವ್ವ ಹಾಕಿದ್ದು. ತೊಟ್ಟಿಲದಾಗಿಂದ ಅದಾವ."

"ಮಂದಿ ಏನಂತಾರ?" ಎಂದು ಸಾರವ್ವ ಕೇಳಿದಳು. "ಯೇಸುನ ಮಂದಿಗಿ ಗಂಡ ಸತ್ರ ದುಃಖನೂ ಇಲ್ಲೇನು ಅಂತಾರ."

ನಾನು ಪಾಸ್ಟರರ ಕಡೆ ನೋಡಿದೆ. ಅವರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಅದು ನಿಮ್ಮ ಮನೆಯ ರೀತಿ, ನಾನು ನಡುವೆ ಬರುವುದಿಲ್ಲ ಎಂದರು. ಇನ್ನಿಬ್ಬರು ಹೆಂಗಸರು ನನ್ನ ಭುಜ ಹಿಡಿದುಕೊಂಡರು. ಗಂಡನ ಮುಖ ನೋಡುವುದನ್ನು ಬಿಟ್ಟು ನಾನು ಕೈ ಬಿಡಿಸಿಕೊಳ್ಳಲು ಗುದ್ದಾಡುತ್ತಿದ್ದೆ. ಅದನ್ನು ನಾನು ಆ ಹೆಂಗಸರಿಗೆ ಇನ್ನೂ ಕ್ಷಮಿಸಿಲ್ಲ.

ಆಗ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ಸುಂದ್ರವ್ವ ಎದ್ದು ಬಂದಳು. ನನ್ನ ಕಡೆ ನೋಡಲಿಲ್ಲ. ಪೆಟ್ಟಿಗೆಯ ಅಂಚಿನ ಮೇಲೆ, ನನ್ನ ಕೈ ಬಡಿಯುವ ಜಾಗಕ್ಕೆ ಸರಿಯಾಗಿ, ತನ್ನ ಅಗಲವಾದ ಬೋಳುಗೈ ಇಟ್ಟಳು.

"ಹೊಡೀರಿ" ಅಂದಳು.

ಸಾರವ್ವ ಸಿಟ್ಟಿನ ಹೆಂಗಸು. ಹೊಡೆದೇಬಿಟ್ಟಳು. ಎರಡು ಬಳೆ ಸುಂದ್ರವ್ವನ ಕೈಮೇಲೆ ಒಡೆದವು. ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ಸೀಳಿತು. ಬಿಳಿ ಬಟ್ಟೆಯ ಮೇಲೆ ರಕ್ತ ಬಿತ್ತು. ಅವಳು ಕೈ ತೆಗೆಯಲಿಲ್ಲ. "ಇನ್ನೂ ಹತ್ತು ಅದಾವ. ಹೊಡೀರಿ" ಅಂದಳು. ಸಾರವ್ವ ನನ್ನ ಕೈ ಬಿಟ್ಟಳು.

ಮಣ್ಣು ಕೊಟ್ಟು ಬಂದ ಮೇಲೆ ನಾನು ಅವಳ ಬಾಗಿಲಿಗೆ ಹೋದೆ. ಕೈಗೆ ಚಿಂದಿ ಸುತ್ತಿಕೊಂಡು ಒಲೆಯ ಮುಂದೆ ಕೂತಿದ್ದಳು. ನಾನು ಯಕ್ಕಾ ಎಂದೆ. ಆ ಶಬ್ದ ಬಾಯಿಗೆ ಬಂದು ಎಷ್ಟೋ ವರ್ಷ ಆಗಿತ್ತು.

"ನಿನ್ನ ಕೈಯಾಗಿನ ಬಳಿ ಉಳಸಾಕ ಬಂದಿದ್ದಿಲ್ಲ ನಾ" ಅಂದಳು. "ಅವು ಇದ್ರೂ ನನಗ ಸೇರೂದಿಲ್ಲ. ಆದ್ರ ಸತ್ತಾವ್ನ ಮುಂದ ಒಡೆಯೂದೈತೆಲ್ಲ, ಅದು ಇನ್ನೂ ದೊಡ್ಡ ಪೂಜಿ. ನಿನಗ ತಗೀಬೇಕನಿಸಿದ್ರ ನೀನ ತಗಿ. ನಾ ನನ್ನ ಕಲ್ಲಿಲೆ ಒಡಕೊಂಡೆ. ಮತ್ತೊಬ್ಬರ ಕೈಲೆ ಅಲ್ಲ. ಹೇಳೂದು ಹೇಳೇನಿ."

ಬಾ, ಕೂಡು ಎನ್ನಲಿಲ್ಲ. ನಾನೂ ಕೂಡಲಿಲ್ಲ. ಮರುವಾರ ಅವಳ ಶೆಡ್ಡಿನ ಮಂದಿಯನ್ನು ಕರೆದುಕೊಂಡು ಬಂದು ನನ್ನ ಬಾಗಿಲಲ್ಲಿ ನಿಂತು, ಈಗಲಾದರೂ ಆ ಗಾಜು ಬಿಡು ಎಂದು ಉಪದೇಶ ಮಾಡಿದಳು. ನಾನು ಬಾಗಿಲು ಹಾಕಿಕೊಂಡೆ. ಒಡೆದ ಎರಡು ಬಳೆಗೆ ಬದಲು ಹೊಸವನ್ನು ಹಾಕಿಸಿಕೊಂಡೆ.

ದಾನಿಯೇಲ ಗಡಹಿಂಗ್ಲಜದಲ್ಲಿ ಕೆಲಸಕ್ಕೆ ಹತ್ತಿದ ಮೇಲೆ ತಾಯಿ ತಂದೆಯನ್ನು ಅಲ್ಲಿಗೆ ಕರೆದುಕೊಂಡು ಹೋದ. ಹೋದ ವರ್ಷ ಅವಳು ಹಾಸಿಗೆ ಹಿಡಿದಳೆಂದು ತಿಳಿಯಿತು. ಗೌರಿ ಹಬ್ಬ ಆಗಿ ಎರಡು ದಿನ. ಗಂಗವ್ವನ ಸೊಸೆ, ಅತ್ತೆ ಬಿಟ್ಟದ್ದನ್ನು ಮತ್ತೆ ಹಿಡಿದು, ನನಗೆ ಕರಂಜಿ ಕೊಟ್ಟಿದ್ದಳು. ನಾನು ನಾಲ್ಕು ಕರಂಜಿ ಕಾಗದದಲ್ಲಿ ಕಟ್ಟಿಕೊಂಡು ಬಸ್ ಹತ್ತಿದೆ. ಕಾಗಲ, ನಿಪ್ಪಾಣಿ, ಸಂಕೇಶ್ವರ ದಾಟುವವರೆಗೂ ಮನಸ್ಸಿನಲ್ಲಿ ಒಂದೇ ಯೋಚನೆ: ಈ ಸಲ ಅವಳಿಗೆ ಇದನ್ನು ತಿನ್ನಿಸಿಯೇ ಬರುವುದು.

ಕಣ್ಣು ಮಸುಕಾಗಿತ್ತು, ಕಿವಿ ಮಂದವಾಗಿತ್ತು, ಮೂಗು ಸರಿಯಾಗಿತ್ತು. ಕಾಗದ ಬಿಚ್ಚುವುದರೊಳಗೆ, "ಎಲ್ಲಿಂದ ಬಂತು?" ಅಂದಳು.

ಬೇಕರಿಯದು ಎಂದಿದ್ದರೆ ತಿನ್ನುತ್ತಿದ್ದಳು. ಸುಳ್ಳು ನಾಲಿಗೆಯ ತುದಿಯಲ್ಲಿತ್ತು. ಆದರೆ ಸುಳ್ಳು ಹೇಳಿ ತಿನ್ನಿಸಿದರೆ ನಾನು ಗೆದ್ದದ್ದು ಅವಳಿಗೆ ಗೊತ್ತಾಗುವುದು ಹೇಗೆ? "ಗೌರಿದು" ಎಂದು ಕಿವಿಯಲ್ಲಿ ಕೂಗಿದೆ. ಅವಳು ಮುಖವನ್ನು ಗೋಡೆಯ ಕಡೆ ಮಾಡಿದಳು. ನಾನು ಅವಳ ಎದುರಿಗೇ ನಾಲ್ಕನ್ನೂ ತಿಂದೆ. ಕೊನೆಯದು ಮುಗಿದಾಗ ಅವಳು ಗೋಡೆಗೇ ಹೇಳುವವರ ಹಾಗೆ ಹೇಳಿದಳು: "ಕೂಗಿ ಹೇಳದಿದ್ರ ಯಾರ ಮಾತೂ ಕೇಳೂದಿಲ್ಲ ಈಗ. ಕಿವಿ ಹೋಗ್ಯಾವ. ನಿನ್ನ ಬಳಿಗೋಳ ಸಪ್ಪಳ ಒಂದು ಕೇಳ್ತೈತಿ. ದೇವರು ಅದನ್ನರ ಒಯ್ಯಬಾರದಿತ್ತೇನು."

ಅದು ನಮ್ಮ ಕೊನೆಯ ಮಾತು. ನಾನು ಎದ್ದು ಬಂದೆ.

ಅವಳು ಸತ್ತ ಸುದ್ದಿ ಬಂದದ್ದು ಮೂರು ತಿಂಗಳ ಮೇಲೆ. ನಾನು ಹೋಗುವ ಹೊತ್ತಿಗೆ ಹೆಣವನ್ನು ತೊಳೆದು ಬಿಳಿ ಸೀರೆ ಉಡಿಸಿ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಗಡಹಿಂಗ್ಲಜದ ಕಾಸಾರ, ಅಂದರೆ ಬಳೆಗಾರ, ಹೆಂಡತಿಯೊಂದಿಗೆ ಬಾಗಿಲಲ್ಲಿ ನಿಂತಿದ್ದ. ಸುಂದ್ರವ್ವನ ಸೊಸೆ ಪ್ರೀತಿ ನನ್ನನ್ನು ಚಾಪೆಯ ಮೇಲೆ ಕೂಡಿಸಿದಳು. ಕಾಸಾರನ ಹೆಂಡತಿ ನನ್ನ ಕೈ ಹಿಡಿದು ಮುಟ್ಟಿ ನೋಡಿ, ಒಂದು ಡಜನ್ ಹಸಿರು ಬಳೆ ಎಣಿಸಿ ಕಾಗದದಲ್ಲಿ ಇಟ್ಟು ಹೋದಳು. ನನಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಸುಂದ್ರವ್ವನ ಕೈಯ ಅಳತೆ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಣದ ಕೈ ಮುಟ್ಟಲು ಕಾಸಾರನ ಹೆಂಡತಿ ಒಪ್ಪಿರಲಿಲ್ಲ. ನೆಗೆಣ್ಣಿಯರ ಕೈ ಒಂದೇ ಇರಬಹುದು ಎಂದುಕೊಂಡಿದ್ದರು.

ಗಂಡ ಬದುಕಿರುವಾಗ ಸತ್ತ ಹೆಂಗಸು ಮುತ್ತೈದೆ. ಅವಳಿಗೆ ಹಸಿರು ಬಳೆ ತೊಡಿಸಿ ಕಳಿಸಬೇಕು. ಅದನ್ನು ಕೇಳಿದವರು ಭಾವನವರು. ಎಂಬತ್ತು ವರ್ಷದ ಮನುಷ್ಯ ಪೆಟ್ಟಿಗೆಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ಆ ಊರಿನ ಪಾಸ್ಟರ್ ಕಿರಿಯ ವಯಸ್ಸಿನವರು. ಅದು ಬರೀ ಸಂಸ್ಕೃತಿ, ಅದರಲ್ಲಿ ಪಾಪವಿಲ್ಲ, ತೊಡಿಸಿ ಎಂದರು. ಅವರು ಹೇಳಿದ್ದು ಸರಿ. ನಲವತ್ತು ವರ್ಷ ನಾನು ಹೇಳಿದ್ದೂ ಅದನ್ನೇ.

ಪ್ರೀತಿ ಕಾಗದ ಬಿಚ್ಚಿ ಮೊದಲನೆಯ ಬಳೆ ತೆಗೆದಳು. ನಾನು ಎದ್ದು ಹೋಗಿ ಸುಂದ್ರವ್ವನ ಎರಡೂ ಕೈಗಳನ್ನು ಹೊದಿಕೆಯೊಳಗೆ ಸೇರಿಸಿ, ಅದರ ಅಂಚು ಹಿಡಿದುಕೊಂಡು ಕೂತೆ. ಬಲಗೈಯ ಮೇಲೆ ಆ ಗಾಯದ ಗೆರೆ ಬೆಳ್ಳಗೆ ಹಾಗೇ ಇತ್ತು.

"ತೊಡಸೂದು ಬ್ಯಾಡ" ಅಂದೆ.

ಎಲ್ಲರೂ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ದಾನಿಯೇಲ ನನಗೆ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ. "ಕಾಕು, ನೀವು ಅನ್ನೂ ಮಾತೇನಿದು? ನಿಮ್ಮ ಕೈ ನೋಡ್ಕೋರಿ" ಅಂದ.

"ನನ್ನ ಕೈ ನಂದು. ಇದು ಆಕಿದು."

ಭಾವನವರು ಬಾಯಿ ಬಿಟ್ಟರು. ನನ್ನ ಜೊತೆ ಅವರು ಅಷ್ಟು ಮಾತಾಡಿದ್ದು ಅದೇ ಮೊದಲು. "ಮಾರ್ತವ್ವಾ, ಸಂತಿಗಿ ಹ್ವಾದ್ರ ಮಂದಿ ಆಕಿನ್ನ ಗಂಡ ಸತ್ತ ರಂಡಿ ಅಂತ ತಿಳಕೊಂಡು ದಾರಿ ಬಿಡ್ತಿದ್ರು. ನಾ ಪಕ್ಕದಾಗ ನಿಂತಿರತಿದ್ದೆ, ಜೀವಂತ. ನಲವತ್ತು ವರ್ಷ ನುಂಗಿದೆ. ಒಮ್ಮೆ ಆಕಿ ಕೈ ತುಂಬಿದ್ದು ನೋಡತೇನಿ. ಒಂದ ಸಲ."

ಒಳ್ಳೆಯ ಮನುಷ್ಯ. ಅವರ ಕೇಳಿಕೆಯಲ್ಲಿ ತಪ್ಪೇನೂ ಇರಲಿಲ್ಲ. ಬೇಡ ಎನ್ನಲು ನನಗೆ ಬಾಯಿ ಬರಬಾರದಿತ್ತು.

"ಭಾವಾರ, ಆಕಿ ಇದ್ದಾಗ ಕೇಳಿದ್ರೇನು?"

"ಕೇಳಿದ್ದೆ. ಬ್ಯಾಡ ಅಂದಳು."

"ಮತ್ತ ಈಗ ಬಾಯಿ ಮುಚ್ಚೈತಿ ಅಂತ ಹೂಂ ಅಂದಳೇನು?"

ಅವರು ತಲೆ ಬಗ್ಗಿಸಿದರು. ಪಾಸ್ಟರ್ ಏನೋ ಹೇಳಲು ಬಂದರು. ನಿಮ್ಮ ಮಾತು ಸರಿಯೇ, ಆದರೆ ಅದನ್ನು ಈಕೆಯ ಮುಂದೆ ಈಕೆ ಉತ್ತರ ಕೊಡುವಾಗ ಹೇಳಬೇಕಿತ್ತು, ಆಗ ನಿಮಗೂ ತಿಳಿಯುತ್ತಿತ್ತು ಎಂದೆ. ಪ್ರೀತಿ ಅಳುತ್ತ ಕಾಗದ ಮಡಚಿ ಗೂಡಿನಲ್ಲಿಟ್ಟಳು. ಮೊಳೆ ಹೊಡೆಯುವವರೆಗೂ ನಾನು ಹೊದಿಕೆಯ ಅಂಚು ಬಿಡಲಿಲ್ಲ. ಯಾರನ್ನೂ ನಂಬಲಿಲ್ಲ. ಭಾವನವರು ಮಣ್ಣು ಹಾಕಿ ಬಂದು, ನನ್ನ ಜೊತೆ ಒಂದು ಮಾತೂ ಆಡದೆ ಒಳಗೆ ಹೋಗಿ ಮಲಗಿದರು. ಇವತ್ತಿಗೂ ಆಡಿಲ್ಲ. ಸುಂದ್ರವ್ವನ ದೆಸೆಯಿಂದ ನನಗೆ ಅದೂ ಆಯಿತು.

ಮರುದಿನ ಬೆಳಿಗ್ಗೆ ಎದ್ದು ನಳದ ಕೆಳಗೆ ಮುಖ ತೊಳೆದೆ. ಗೂಡಿನಲ್ಲಿದ್ದ ಕಾಗದ ತೆಗೆದು ಬಿಚ್ಚಿ, ಕೈಗೆ ಸಾಬೂನು ಹಚ್ಚಿಕೊಂಡು ಒಂದೊಂದೇ ಬಳೆ ಏರಿಸಿದೆ. ಪ್ರೀತಿ ಚಹಾ ಹಿಡಿದು ಬಂದವಳು ಅಲ್ಲೇ ನಿಂತಳು. ಕಾಕು, ಅವು ಹೆಣಕ್ಕೆ ತಂದದ್ದು ಎಂದಳು. ಅಳತೆ ನನ್ನದು ಎಂದೆ. ಹಳೆಯವೂ ಹೊಸವೂ ಸೇರಿ ಎರಡೂ ಕೈ ಮಣಿಕಟ್ಟಿನಿಂದ ಮೇಲಕ್ಕೆ ತುಂಬಿದವು. ಚಹಾ ಕುಡಿದು ಚೀಲ ಎತ್ತಿಕೊಂಡೆ. ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲೇ ಗೋರಿಗಳ ಜಾಗ. ಗೇಟಿಗೆ ಬೀಗ ಇತ್ತು. ಕಂಬಿಗಳ ಸಂದಿಯಿಂದ ಹಸಿ ಮಣ್ಣು ಕಾಣುತ್ತಿತ್ತು. ಚೀಲ ಕೆಳಗಿಟ್ಟು, ಎರಡೂ ಕೈ ಕಂಬಿಯೊಳಗೆ ತೂರಿಸಿ, ಅವಳಿಗೆ ಕೇಳುವ ಹಾಗೆ ಜೋರಾಗಿ ಅಲ್ಲಾಡಿಸಿದೆ. ಆಮೇಲೆ ಹೋಗಿ ಇಚಲಕರಂಜಿಯ ಬಸ್ಸು ಹತ್ತಿದೆ.